ಕನ್ನಡಿ ಮೇಸ್ತ್ರಿಯ ಬಿಳಿ ಪೇಸ್ಟ್

ತರಬೇತಿಯ ಮೊದಲ ದಿನವೇ ಮಾವ ಕೊನೆಯ ಬೆಂಚಿನಲ್ಲಿ ಗೋಡೆಗೊರಗಿ ಕಣ್ಣು ಮುಚ್ಚಿಬಿಟ್ಟರು. ಮುಂದೆ ನಿಂತು ಪಾಠ ಹೇಳುತ್ತಿದ್ದವಳು ಅವರ ಸೊಸೆ. ಅಲ್ಲಿ ಕೂತಿದ್ದ ಉಳಿದ ಇಪ್ಪತ್ತೈದು ಕೆಲಸಗಾರರಿಗೂ ಈ ಸಂಬಂಧ ಗೊತ್ತಿತ್ತು. ಹಾಗಾಗಿ ಅವರು ಪಾಠಕ್ಕಿಂತ ಹೆಚ್ಚಾಗಿ ಇವರಿಬ್ಬರ ಮುಖವನ್ನೇ ನೋಡುತ್ತಿದ್ದರು.

ಅದು ಸ್ಟೀಲ್ ಟ್ಯಾಂಕ್ ಮಾಡುವ ಕಾರ್ಖಾನೆ. ಹಾಲು ತುಂಬುವುದಕ್ಕೆ, ಔಷಧಿ ಕಲಸುವುದಕ್ಕೆ ಬೇಕಾಗುವ ದೊಡ್ಡ ದೊಡ್ಡ ಟ್ಯಾಂಕುಗಳು ಅಲ್ಲಿ ತಯಾರಾಗುತ್ತಿದ್ದವು. ವೆಲ್ಡಿಂಗ್ ಮಾಡಿದ ಜಾಗ ಸುಟ್ಟು ಕಪ್ಪಾಗುತ್ತದೆ. ಆ ಕಪ್ಪು ಹೋಗಬೇಕಾದರೆ ಒಂದು ಬಿಳಿ ಪೇಸ್ಟನ್ನು ಬಳಿದು, ಸ್ವಲ್ಪ ಹೊತ್ತು ಬಿಟ್ಟು ತೊಳೆಯಬೇಕು. ಮೂವತ್ತೊಂದು ವರ್ಷದಿಂದ ಮಾವನದು ಅದೇ ಕೆಲಸ. ಅವರು ತೊಳೆದ ಟ್ಯಾಂಕಿನಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆದುಕೊಳ್ಳಬಹುದು ಎಂದು ಎಲ್ಲರೂ ಹೇಳುತ್ತಿದ್ದರು. ಅವರ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿತ್ತು. ಕಾರ್ಖಾನೆಗೂ ಬೀದಿಗೂ ಅವರು ಕನ್ನಡಿ ಮೇಸ್ತ್ರಿ.

ಸೊಸೆ ಆರು ವರ್ಷ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದವಳು. ಸಂಜೆ ತರಗತಿಗೆ ಹೋಗಿ ಸುರಕ್ಷತಾ ತರಬೇತಿಯ ಪರೀಕ್ಷೆ ಪಾಸು ಮಾಡಿಕೊಂಡಿದ್ದಳು. ಈ ಕಾರ್ಖಾನೆಗೆ ತರಬೇತಿ ಕೊಡುವವರು ಬೇಕಾಗಿದ್ದಾರೆಂದು ಗೊತ್ತಾದಾಗ, "ನಮ್ಮ ಮನೇಲೇ ಇದ್ದಾಳಲ್ಲ ಸಾರ್" ಎಂದು ಮ್ಯಾನೇಜರಿಗೆ ಹೇಳಿ ಕೆಲಸ ಕೊಡಿಸಿದ್ದೇ ಮಾವ. ಅದನ್ನು ಅವಳು ಮರೆತಿರಲಿಲ್ಲ. ಮಾವನೂ ಮರೆತಿರಲಿಲ್ಲ.

"ಈ ಪೇಸ್ಟಲ್ಲಿ ಎರಡು ಆಮ್ಲ ಇದೆ," ಎಂದಳು ಅವಳು. "ಒಂದು ಬಿದ್ದ ತಕ್ಷಣ ಸುಡುತ್ತೆ. ಅದನ್ನ ನೀವೆಲ್ಲ ಬಲ್ಲಿರಿ. ಇನ್ನೊಂದು ಹೈಡ್ರೋಫ್ಲೋರಿಕ್. ಅದು ಕಳ್ಳ. ತೆಳುವಾಗಿದ್ರೆ ಚರ್ಮದ ಮೇಲೆ ಬಿದ್ದಿದ್ದೇ ಗೊತ್ತಾಗಲ್ಲ. ಒಳಗಿಳಿದು, ಮೈಯಲ್ಲಿರೋ ಕ್ಯಾಲ್ಸಿಯಂ ಹುಡುಕ್ಕೊಂಡು ಹೋಗುತ್ತೆ. ನಾಲ್ಕೈದು ಗಂಟೆ ಆದ್ಮೇಲೆ ನೋವು ಶುರು. ಮೇಲೆ ನೋಡಿದ್ರೆ ಒಂಚೂರು ಕೆಂಪು, ಅಷ್ಟೇ. ಗಾಯ ಸಣ್ಣದು, ನೋವು ದೊಡ್ಡದು ಅಂದ್ರೆ ಇದೇ ಅಂತ ಅನುಮಾನ ಪಡಿ. ನೀರಲ್ಲಿ ತೊಳೀರಿ, ಕ್ಯಾಲ್ಸಿಯಂ ಜೆಲ್ ಉಜ್ಜಿ, ಆಸ್ಪತ್ರೆಗೆ ಓಡಿ. ಡಾಕ್ಟರಿಗೆ ಈ ಹೆಸರು ಹೇಳಿ. ಬರೀ ಆಸಿಡ್ ಅಂದ್ರೆ ಅವರಿಗೆ ಗೊತ್ತಾಗಲ್ಲ."

ಹಿಂದಿನ ಬೆಂಚಿನಿಂದ ಸಣ್ಣಗೆ ಗೊರಕೆ ಕೇಳಿಸಿತು. ವೆಲ್ಡರುಗಳು ಕಿಸಕ್ಕೆಂದರು. ಸೊಸೆ ಕಾಣದವಳಂತೆ ಮುಂದುವರಿದಳು.

ಎರಡನೇ ಶನಿವಾರ ಮಾಡಿ ತೋರಿಸುವ ಪರೀಕ್ಷೆ. ಉದ್ದ ಕೈಗವಸಿನೊಳಗೆ ಗಾಳಿ ಊದಿ ತೂತಿದೆಯೇ ನೋಡಬೇಕು, ಮುಖಕ್ಕೆ ಗುರಾಣಿ ಹಾಕಬೇಕು, ವೆಲ್ಡಿಂಗ್ ಮಾಡಿದ ಒಂದು ಸ್ಟೀಲ್ ತಟ್ಟೆಗೆ ಪೇಸ್ಟ್ ಬಳಿದು ತೊಳೆಯಬೇಕು, ಕೊನೆಗೆ ಕೈಗವಸಿನ ಹೊರಮೈ ಮುಟ್ಟದೆ ಅದನ್ನು ಕಳಚಬೇಕು. ಮಾವನ ಸರದಿ ಬಂದಾಗ ಅವರು ಕೈಗವಸನ್ನು ಮೇಜಿನ ಮೇಲೆ ಬದಿಗೆ ಸರಿಸಿದರು. ಬ್ರಷ್ಷನ್ನು ಬರಿಗೈಯಲ್ಲೇ ಪೇಸ್ಟಿಗೆ ಅದ್ದಿ, ಒಂದು ಗೆರೆಯೂ ಅತ್ತಿತ್ತ ಹೋಗದಂತೆ ಬಳಿದು, ತೊಳೆದು, ತಟ್ಟೆಯನ್ನು ಅವಳ ಮುಂದೆ ಹಿಡಿದರು.

"ಇಗೋ. ನೋಡ್ಕೊ ನಿನ್ನ ಮುಖ."

ಎಲ್ಲರೂ ನಕ್ಕರು. ತಟ್ಟೆಯಲ್ಲಿ ಅವಳ ಮುಖ ಕಂಡಿತು, ನಿಜವೇ.

"ಕೈಗವಸು ಹಾಕ್ಕೊಂಡು ಇನ್ನೊಂದು ಸಲ ಮಾಡಿ, ಮಾವ."

"ಕೈಗವಸು ಹಾಕ್ಕೊಂಡ್ರೆ ಬ್ರಷ್ ಹಿಡಿತ ಸಿಗಲ್ಲ. ಮೂವತ್ತೊಂದು ವರ್ಷ. ಹತ್ತೂ ಬೆರಳು ಇದೆ, ಎಣಿಸ್ಕೊ."

ಅವಳು ಎಣಿಸಲಿಲ್ಲ. ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ತಪ್ಪು ಗುರುತು ಹಾಕಿದಳು. ಸೋಮವಾರ ಬೆಳಿಗ್ಗೆ ಫಲಿತಾಂಶವನ್ನು ಬೋರ್ಡಿಗೆ ಅಂಟಿಸಿದರು. ಇಪ್ಪತ್ತೈದು ಜನ ಪಾಸು, ಒಬ್ಬರು ಫೇಲು. ಟ್ಯಾಂಕ್ ಕೊಳ್ಳುವ ಕಂಪನಿಯವರು ತರಬೇತಿ ಪಾಸಾದವರ ಹೊರತು ಬೇರೆ ಯಾರೂ ಪೇಸ್ಟ್ ಮುಟ್ಟಕೂಡದೆಂದು ಷರತ್ತು ಹಾಕಿದ್ದರು. ಮ್ಯಾನೇಜರು ಕನ್ನಡಿ ಮೇಸ್ತ್ರಿಯನ್ನು ಪ್ಯಾಕಿಂಗಿಗೆ ಹಾಕಿದರು. ಮತ್ತೆ ಪರೀಕ್ಷೆ ಕೊಡಲು ಒಂದು ತಿಂಗಳ ಅವಕಾಶವಿತ್ತು.

ಸೋಮವಾರ ಸಂಜೆ ಸೊಸೆ ಮನೆಯ ಮೆಟ್ಟಿಲು ಹತ್ತುವಾಗಲೇ ಸುದ್ದಿ ಅವಳಿಗಿಂತ ಮೊದಲು ಮನೆ ಸೇರಿರುವುದು ಗೊತ್ತಾಯಿತು. ಅಡುಗೆಮನೆಯಲ್ಲಿ ಪಾತ್ರೆಗಳು ಬೇಕಿದ್ದಕ್ಕಿಂತ ಜೋರಾಗಿ ಸದ್ದು ಮಾಡುತ್ತಿದ್ದವು.

ಊಟಕ್ಕೆ ಐದು ಜನ ಕೂತರು: ಮಾವ, ಅತ್ತೆ, ಗಂಡ, ನಾದಿನಿ, ಅವಳು. ಅತ್ತೆ ಎಲ್ಲರಿಗೂ ಅನ್ನ ಬಡಿಸಿದರು. ಸೊಸೆಯ ತಟ್ಟೆಯ ಹತ್ತಿರ ಬಂದಾಗ ಸೌಟು ಗಾಳಿಯಲ್ಲಿ ನಿಂತಿತು.

"ನಾನು ಬಡಿಸ್ಬಹುದಾ, ಇಲ್ಲ ಇದಕ್ಕೂ ನಿನ್ನ ಹತ್ರ ಪರೀಕ್ಷೆ ಪಾಸಾಗ್ಬೇಕಾ?"

"ಅತ್ತೆ..."

"ಅಲ್ಲಮ್ಮ, ಕೇಳ್ತಿದೀನಿ. ಬರಿಗೈಯಲ್ಲಿ ಬಡಿಸ್ತಿದೀನಲ್ಲ."

ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ನಾದಿನಿಗೆ ನಗು ತಡೆಯಲಾಗಲಿಲ್ಲ. ತಾಯಿಯ ಕಣ್ಣು ಕಂಡು ನಗುವನ್ನು ನೀರಿನ ಜೊತೆ ನುಂಗಿಕೊಂಡಳು. ಮಾವ ತಲೆ ಎತ್ತದೆ ಉಂಡು, ತಟ್ಟೆ ತೊಳೆದಿಟ್ಟು, ಹೊರಗೆ ಮೆಟ್ಟಿಲ ಮೇಲೆ ಹೋಗಿ ಕೂತರು. 

ಶಾಲಾ ಬಸ್ಸಿನ ಡ್ರೈವರ್ ಆಗಿದ್ದ ಗಂಡ ಮಾತನಾಡಿದ್ದು ಕೋಣೆಯ ಬಾಗಿಲು ಹಾಕಿಕೊಂಡ ಮೇಲೆ.

"ಒಂದು ರೈಟ್ ಮಾರ್ಕ್ ಹಾಕಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ನಿಮ್ಮಪ್ಪನ ಕೈ ಹೋಗ್ತಿತ್ತು."

"ಮೂವತ್ತೊಂದು ವರ್ಷದಿಂದ ಹೋಗಿಲ್ವಲ್ಲ!"

"ನೀನು ಬ್ರೇಕ್ ನೋಡ್ದೆ ಬಸ್ ತೆಗೀತೀಯಾ? ಇಷ್ಟು ದಿನ ಏನೂ ಆಗಿಲ್ಲ ಅಂತ?"

"ಅದೇ ಬೇರೆ, ಇದೇ ಬೇರೆ," ಎಂದು ಅವನು ಗೋಡೆ ಕಡೆ ತಿರುಗಿ ಮಲಗಿದ.

ಆಮೇಲೆ ಮೂರು ವಾರ ಮನೆಯಲ್ಲಿ ಬಿಗುವಿನ ಗಾಳಿ. ಅತ್ತೆ ಸೊಸೆಗೆ ಹೇಳಬೇಕಾದದ್ದನ್ನೆಲ್ಲ ನಾದಿನಿಗೆ ಹೇಳುತ್ತಿದ್ದರು. "ಅವಳಿಗೆ ಹೇಳು, ಬಟ್ಟೆ ಒಣಗಿದೆ, ತೆಗೀಲಿ ಅಂತ." ನಾದಿನಿ ಎರಡು ಹೆಜ್ಜೆ ದೂರದಲ್ಲಿದ್ದ ಅತ್ತಿಗೆಗೆ, "ಬಟ್ಟೆ ಒಣಗಿದೆಯಂತೆ ಅತ್ತಿಗೆ, ತೆಗೀಬೇಕಂತೆ" ಎಂದು ರೇಡಿಯೋ ವಾರ್ತೆಯ ಧಾಟಿಯಲ್ಲಿ ಓದಿ ಹೇಳುತ್ತಿದ್ದಳು. ಮೊದಲ ವಾರ ಅದು ತಮಾಷೆಯಾಗಿತ್ತು. ಎರಡನೇ ವಾರ ಅವಳಿಗೂ ಸಾಕಾಗಿ, "ನೀವೇ ಮಾತಾಡ್ಕೊಳ್ಳಿ, ನನಗೆ ಗಂಟಲು ನೋವು" ಎಂದು ಎದ್ದು ಹೋದಳು.

ಕಾರ್ಖಾನೆಯಲ್ಲಿ ಮಾವ ಟ್ಯಾಂಕುಗಳಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಟೇಪು ಅಂಟಿಸುತ್ತಿದ್ದರು. ಒಂದು ದಿನ ಸೊಸೆ ಆ ಕಡೆ ಹೋದಾಗ, ಬೇರೆ ಯಾರೋ ತೊಳೆದ ಟ್ಯಾಂಕಿನ ವೆಲ್ಡಿಂಗ್ ಗೆರೆಯ ಬಳಿ ಉಳಿದಿದ್ದ ಒಂದು ಕಪ್ಪು ಚುಕ್ಕೆಯನ್ನು ಮಾವ ಅಂಗಿಯ ತೋಳಿನಿಂದ ಒರೆಸುತ್ತಿದ್ದರು. ಅದು ಒರೆಸಿದರೆ ಹೋಗುವ ಕಪ್ಪಲ್ಲ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಆದರೂ ಒರೆಸುತ್ತಿದ್ದರು. ಅವಳು ಹತ್ತಿರ ಹೋಗಿ ನಿಂತಳು.

"ಮಾವ, ಶನಿವಾರ ಮತ್ತೆ ಪರೀಕ್ಷೆ ಇದೆ. ಕೈಗವಸಲ್ಲೂ ಒಂದು ಅಳತೆ ಚಿಕ್ಕದು ತರಿಸಿದೀನಿ. ಹಿಡಿತ ಸಿಗುತ್ತೆ."

ಅವರು ಟೇಪನ್ನು ಚರ್ರನೆ ಎಳೆದು ಹರಿದರು.

"ಇಲ್ಲಿ ನಾನು ಮಾವ ಅಲ್ಲ. ಪ್ಯಾಕಿಂಗ್ ಆಳು. ಏನಿದ್ರೂ ಸೂಪರ್‌ವೈಸರ್ ಹತ್ರ ಹೇಳು."

ಆ ಶನಿವಾರ ಮಾವ ಪರೀಕ್ಷೆಯ ಕಡೆ ಸುಳಿಯಲಿಲ್ಲ. ಮರುದಿನ ಭಾನುವಾರ ಮನೆ ತೊಳೆಯುವ ಕೆಲಸ ನಡೆದಿತ್ತು. ಗಂಡ ಫ್ಯಾನು ಒರೆಸಿದ, ನಾದಿನಿ ಕಿಟಕಿ, ಸೊಸೆ ಅಡುಗೆಮನೆಯ ಕಪಾಟು. ಬಚ್ಚಲುಮನೆ ಅತ್ತೆಯ ಪಾಲು. ಬೆಳಿಗ್ಗೆ ಹತ್ತಕ್ಕೆ ಒಳಹೊಕ್ಕವರು ಹನ್ನೊಂದಕ್ಕೆ ಹೊರಬಂದರು. ನಲ್ಲಿಯ ಕೆಳಗಿನ ತುಕ್ಕಿನ ಕಲೆ ಮಾಯವಾಗಿ, ನಲ್ಲಿ ಫಳಫಳ ಹೊಳೆಯುತ್ತಿತ್ತು.

ಮಧ್ಯಾಹ್ನದ ಊಟವಾಯಿತು. ಮೂರೂವರೆ ಹೊತ್ತಿಗೆ ಅತ್ತೆ ಚಹಾ ಸೋಸುತ್ತಿದ್ದವರು ಪಾತ್ರೆಯನ್ನು ಕೈಬಿಟ್ಟರು. ಚಹಾ ನೆಲದ ತುಂಬ ಹರಿಯಿತು.

"ಏನಾಯ್ತಮ್ಮ?" ಎಂದು ನಾದಿನಿ ಓಡಿಬಂದಳು.

"ಏನಿಲ್ಲ. ಬೆರಳು ಹಿಡ್ಕೊಂಡಿದೆ."

ನಾಲ್ಕು ಗಂಟೆಗೆ ಅವರು ಬಲಗೈಯನ್ನು ಎದೆಗೊತ್ತಿಕೊಂಡು ಹಿಂದಕ್ಕೂ ಮುಂದಕ್ಕೂ ತೂಗುತ್ತ ಕೂತಿದ್ದರು. ಹಣೆಯ ಮೇಲೆ ಬೆವರು. ಮೂರು ಹೆರಿಗೆಯ ನೋವು ತಿಂದು, ಒಂದು ಮಗುವನ್ನು ಕಳೆದುಕೊಂಡೂ ಗಟ್ಟಿಯಾಗಿ ಅತ್ತವರಲ್ಲ. ಈಗ ಹಲ್ಲು ಕಚ್ಚಿದರೂ ಬಾಯಿಂದ ಸದ್ದು ತಪ್ಪಿಸಿಕೊಂಡು ಬರುತ್ತಿತ್ತು.

"ತೋರಿಸಿ ಅತ್ತೆ," ಎಂದು ಸೊಸೆ ಕೈ ಹಿಡಿದಳು. ತೋರುಬೆರಳು, ಮಧ್ಯದ ಬೆರಳು. ತುದಿಯಲ್ಲಿ ಒಂಚೂರು ಕೆಂಪು. ಅಷ್ಟೇ.

"ಏನು ಹಾಕಿ ತೊಳೆದ್ರಿ ಬಚ್ಚಲು?"

"ಅಂಗಡಿ ಆಸಿಡ್ಡು." ಮೂರು ವಾರದಲ್ಲಿ ಅತ್ತೆ ಅವಳಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

ಕೈಯನ್ನು ನಲ್ಲಿಯ ಕೆಳಗೆ ಹಿಡಿಸಿ ತೊಳೆಸಿದರು. ಗಂಡ ಆಟೋ ಕರೆತಂದ. ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಒಬ್ಬಳು ಯುವ ಡಾಕ್ಟರಿದ್ದಳು. ಬೆರಳನ್ನು ತಿರುಗಿಸಿ ನೋಡಿದಳು.

"ಯಾವ ಆಸಿಡ್?"

"ಬಚ್ಚಲು ತೊಳಿಯೋದು. ಅಂಗಡೀದು," ಎಂದರು ಅತ್ತೆ.

"ಹಾಗಾದ್ರೆ ಹೆಚ್ಚೇನಿಲ್ಲ. ಮುಲಾಮು ಹಚ್ತೀನಿ, ನೋವಿಗೆ ಮಾತ್ರೆ ಕೊಡ್ತೀನಿ. ಒಂದು ಗಂಟೆ ಇಲ್ಲೇ ಕೂತಿರಿ."

ಮಾತ್ರೆ ನುಂಗಿ ಕಾಲು ಗಂಟೆಯಾದರೂ ನೋವು ಇಳಿಯಲಿಲ್ಲ, ಏರಿತು. ಅತ್ತೆ ಮಂಚದ ಕಬ್ಬಿಣದ ಪಟ್ಟಿಯನ್ನು ಎಡಗೈಯಲ್ಲಿ ಹಿಡಿದು, "ಉಗುರೊಳಗೆ ಸುತ್ತಿಗೆ ಹೊಡಿದಂಗಾಗ್ತಿದೆ, ಕತ್ತರಿಸಿ ಹಾಕ್ಬಿಡಿ" ಎಂದರು. ಗಾಯ ಸಣ್ಣದು, ನೋವು ದೊಡ್ಡದು. ತನ್ನದೇ ಪಾಠ ಸೊಸೆಯ ಕಿವಿಯಲ್ಲಿ ಮೊಳಗಿತು. 

ಅವಳು ಬಗ್ಗಿ ಕೇಳಿದಳು. "ಅತ್ತೆ, ನಿಜ ಹೇಳಿ. ಮನೇಲಿ ಬೇರೆ ಏನಾದ್ರೂ ಇತ್ತಾ?"

 ಅತ್ತೆಯ ಕಣ್ಣು ಒಂದು ಕ್ಷಣ ಬಾಗಿಲ ಬಳಿ ನಿಂತಿದ್ದ ಮಾವನ ಕಡೆ ಹೋಗಿ ಬಂತು.

"ಅಂಗಡೀದು ಅಂದ್ನಲ್ಲ. ಎಷ್ಟು ಸಲ ಕೇಳ್ತೀಯ!"

ಸೊಸೆ ಮಾವನನ್ನು ಕಾರಿಡಾರಿಗೆ ಕರೆದಳು. ಅವರ ಮುಖ ಸುಣ್ಣದಂತೆ ಬೆಳ್ಳಗಾಗಿತ್ತು.

"ಮಾವ, ಪೇಸ್ಟ್ ಮನೆಗೆ ತಂದಿದ್ರಾ?"

ಅವರು ಗೋಡೆಯ ಮೇಲಿನ ಗಡಿಯಾರ ನೋಡಿದರು.

"ನೀವು ಹೇಳ್ದಿದ್ರೆ ಅವರು ಬೇರೆ ಔಷಧಿ ಕೊಡ್ತಾನೇ ಇರ್ತಾರೆ. ಅದು ಒಳಗೆ ಇಳೀತಾನೇ ಇರುತ್ತೆ. ಕೆಲಸದ ಮಾತು ಆಮೇಲೆ ನೋಡೋಣ."

"ಕಳ್ಳತನ ಅಂತ ಬರೀತಾರೆ," ಎಂದರು ಮಾವ ಮೆಲ್ಲಗೆ. "ಇಷ್ಟು ವರ್ಷ ಆದ್ಮೇಲೆ, ಕಳ್ಳ ಅಂತ."

ಒಳಗಿನಿಂದ ಅತ್ತೆಯ ಚೀರು ಕೇಳಿಸಿತು. ಅದುವರೆಗೂ ಆ ಮನೆಯವರು ಯಾರೂ ಕೇಳಿರದ ದನಿ. ಮಾವ ಒಂದೇ ನೆಗೆತಕ್ಕೆ ಒಳಗೆ ಹೋದರು.

"ಡಾಕ್ಟರಮ್ಮ, ಅಂಗಡೀದಲ್ಲ ಅದು! ಸ್ಟೀಲ್ ತೊಳಿಯೋ ಪೇಸ್ಟು. ಅದರಲ್ಲಿ ಹೈಡ್ರೋಫ್ಲೋರಿಕ್ ಇದೆ. ನೀರು ಬೆರೆಸಿ ತೆಳು ಮಾಡಿಟ್ಟಿದ್ದು. ಬೆಳಿಗ್ಗೆ ಬಿದ್ದು ಈಗ ನೋವು ಶುರುವಾಗಿದೆ. ಒಳಗೆ ಕ್ಯಾಲ್ಸಿಯಂ ಹುಡುಕ್ಕೊಂಡು ಹೋಗುತ್ತೆ. ಕ್ಯಾಲ್ಸಿಯಂ ಜೆಲ್ ಉಜ್ಜಬೇಕು."

ಡಾಕ್ಟರು ತಟ್ಟನೆ ಎದ್ದಳು. ಸೊಸೆ ಬಾಗಿಲಲ್ಲೇ ನಿಂತುಬಿಟ್ಟಳು. ಕೊನೆಯ ಬೆಂಚಿನಲ್ಲಿ ಗೊರಕೆ ಹೊಡೆದವರು ಒಂದು ಪದವನ್ನೂ ಬಿಟ್ಟಿರಲಿಲ್ಲ.

"ಇಂಜೆಕ್ಷನ್ ಇದೆ. ಜೆಲ್ ನಮ್ಮಲ್ಲಿಲ್ಲ," ಎಂದಳು ಡಾಕ್ಟರು.

"ಕಾರ್ಖಾನೇಲಿದೆ," ಎಂದಳು ಸೊಸೆ. "ತೊಳೆಯೋ ಶೆಡ್ಡಿನ ಬಾಗಿಲ ಪಕ್ಕ, ಕೆಂಪು ಪೆಟ್ಟಿಗೆ."

"ಗೊತ್ತು," ಎಂದು ಮಾವ ಆಗಲೇ ಹೊರಟಿದ್ದರು. ಮಗ ಹಿಂದೆ ಓಡಿದ.

ಮೂವತ್ತೈದು ನಿಮಿಷದಲ್ಲಿ ಅವರು ನಾಲ್ಕು ಟ್ಯೂಬು ಹಿಡಿದು ಬಂದರು. ನರ್ಸು ಜೆಲ್ಲನ್ನು ಕೈಗವಸಿನೊಳಗೆ ತುಂಬಿ ಅತ್ತೆಯ ಕೈಗೆ ತೊಡಿಸಿದಳು. ಡಾಕ್ಟರು ಫೋನಿನಲ್ಲಿ ಹಿರಿಯರನ್ನು ಕೇಳಿಕೊಂಡು ಬೆರಳಿಗೆ ಸಣ್ಣ ಸೂಜಿಯಲ್ಲಿ ಮದ್ದು ಕೊಟ್ಟಳು, ಎದೆಗೆ ತಂತಿ ಅಂಟಿಸಿ ಹೃದಯದ ಬಡಿತ ನೋಡಿದಳು. ಏಳು ಗಂಟೆ ಹೊತ್ತಿಗೆ ಅತ್ತೆಯ ಹಿಡಿತ ಮಂಚದ ಪಟ್ಟಿಯಿಂದ ಸಡಿಲವಾಯಿತು.

ಅವರು ಕಣ್ಣು ಬಿಟ್ಟು ಮೊದಲು ನೋಡಿದ್ದು ಮಾವನನ್ನು.

"ನಾನು ಬಾಯಿ ಮುಚ್ಕೊಂಡಿರಲಿಲ್ವಾ? ನೀವ್ಯಾಕೆ ಬಿಟ್ರಿ? ಕೆಲಸ ಹೋದ್ರೆ?"

"ಬೆರಳು ಹೋದ್ರೆ?"

"ಬೆರಳು ನನ್ನದು!"

"ಕೆಲಸ ನಂದು," ಎಂದರು ಮಾವ. 

ಮರುದಿನ ಬೆಳಿಗ್ಗೆ ಸೊಸೆ ಕಾರ್ಖಾನೆಗೆ ಹೋದಳು. ಪೆಟ್ಟಿಗೆಯಿಂದ ನಾಲ್ಕು ಟ್ಯೂಬು ಖರ್ಚಾಗಿದ್ದಕ್ಕೆ ಅವಳು ವರದಿ ಬರೆಯಬೇಕಿತ್ತು. ದಾರಿಯುದ್ದಕ್ಕೂ ವಾಕ್ಯ ಕಟ್ಟುತ್ತಿದ್ದಳು. 'ಮನೆಯಲ್ಲಿ ಆದ ಅಪಘಾತಕ್ಕೆ' ಎಂದರೆ ಸುಳ್ಳಲ್ಲ, ನಿಜವೂ ಅಲ್ಲ. ಗೇಟಿನಲ್ಲಿ ವಾಚ್‌ಮನ್ ಅವಳ ಮುಖ ನೋಡಿ, ಮಾತಿಲ್ಲದೆ ಭಾನುವಾರದ ರಿಜಿಸ್ಟರು ತಿರುಗಿಸಿ ತೋರಿಸಿದ. ರಜೆಯ ದಿನ ಒಳಬಂದವರು ಕಾರಣ ಬರೆಯುವ ಜಾಗದಲ್ಲಿ, ಅವಸರದ ದೊಡ್ಡ ದೊಡ್ಡ ಅಕ್ಷರದಲ್ಲಿತ್ತು: ನಾನು ಕೇಳದೆ ಮನೆಗೆ ಒಯ್ದ ಪೇಸ್ಟ್ ಹೆಂಡತಿಯ ಕೈಗೆ ಬಿದ್ದಿದೆ. ಜೆಲ್ ಒಯ್ಯುತ್ತಿದ್ದೇನೆ. ಕೆಳಗೆ ಸಹಿ.

ಮ್ಯಾನೇಜರು ಅದನ್ನು ಆಗಲೇ ಓದಿದ್ದರು.

"ಅವರ ವಿಷಯ ವಿಚಾರಣೆಯಲ್ಲಿ ನೋಡೋಣ. ನಿಮ್ಮನ್ನ ಒಂದು ಕೇಳ್ಬೇಕು. ಮೂರು ವರ್ಷದಿಂದ ಆ ಮನೇಲಿದೀರಿ. ಆ ಪೇಸ್ಟ್ ಒಂದು ಸಲಾನೂ ಕಣ್ಣಿಗೆ ಬೀಳ್ಲಿಲ್ವಾ?"

ಸೊಸೆಯ ಕಣ್ಣಿಗೆ ಬಿದ್ದಿತ್ತು. ಬಚ್ಚಲಲ್ಲಿ ಬಕೆಟ್ಟಿನ ಹಿಂದಿನ ಗೂಡಿನಲ್ಲಿ, ಬಣ್ಣ ಮಾಸಿದ ಒಂದು ಶಾಂಪೂ ಬಾಟಲಿ. ದಿನಾ ಸ್ನಾನ ಮಾಡುವಾಗ ನೋಡುತ್ತಿದ್ದಳು. ಹಳೇ ಶಾಂಪೂ ಎಂದುಕೊಂಡಿದ್ದಳು. ಊರಿಗೆಲ್ಲ ಚೀಟಿ ಅಂಟಿಸದ ಬಾಟಲಿ ಮುಟ್ಟಬೇಡಿ ಎಂದು ಸಾರುವವಳು, ಒಂದು ಸಲವೂ ಮುಚ್ಚಳ ತೆಗೆದು ನೋಡಿರಲಿಲ್ಲ.

"ಬಿದ್ದಿತ್ತು ಸಾರ್," ಎಂದಳು. "ಕೇಳಲಿಲ್ಲ."

ಅತ್ತೆ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದರು. ಬೆರಳುಗಳು ಉಳಿದವು. ತೋರುಬೆರಳಿನ ಉಗುರನ್ನು ತೆಗೆಯಬೇಕಾಯಿತು, ತುದಿಯಲ್ಲಿ ಸ್ಪರ್ಶ ಪೂರ್ತಿ ಬರುತ್ತದೋ ಇಲ್ಲವೋ ಹೇಳಲಾಗದು ಎಂದರು. ಮನೆಗೆ ಬಂದ ದಿನ ಮಾವ ಅಡುಗೆ ಮಾಡಿದ್ದರು. ಅನ್ನ ತಳ ಹಿಡಿದಿತ್ತು, ಆಲೂಗಡ್ಡೆ ಅರ್ಧ ಬೆಂದಿತ್ತು.

"ಸ್ಟೀಲ್ ಬೇಯಿಸಿದಂಗಿದೆ ಅಪ್ಪ," ಎಂದಳು ನಾದಿನಿ.

"ತಿನ್ನು. ಹಲ್ಲಿಗೆ ಹೊಳಪು ಬರುತ್ತೆ."

ಅತ್ತೆಗೆ ಎಡಗೈಯಲ್ಲಿ ಉಣ್ಣಲು ಬರುತ್ತಿರಲಿಲ್ಲ. ಸೊಸೆ ತುತ್ತು ಕಲಸಿ ಮುಂದೆ ಹಿಡಿದಳು. ಅತ್ತೆ ಮುಖ ತಿರುಗಿಸಿದರು. ಸೊಸೆ ಕೈ ಹಿಂದೆಗೆಯಲಿಲ್ಲ. ಇಡೀ ಮನೆ ಆ ತುತ್ತನ್ನೇ ನೋಡುತ್ತ ಕೂತಿತು.

"ಉಪ್ಪು ಹಾಕಿದಾರಾ?" ಎಂದರು ಅತ್ತೆ ಕೊನೆಗೆ.

"ಜಾಸ್ತಿನೇ ಹಾಕಿದಾರೆ."

ಅತ್ತೆ ಬಾಯಿ ತೆರೆದರು. ಅಗಿಯುತ್ತ, ಯಾರನ್ನೂ ನೋಡದೆ ಹೇಳಿದರು. "ಬ್ರಷ್ ಮುರಿದಿತ್ತು. ಅದಕ್ಕೇ ಬಟ್ಟೆ ತಗೊಂಡು ಉಜ್ಜಿದೆ. ಎಂಟು ವರ್ಷದಿಂದ ಬ್ರಷ್ಷಲ್ಲೇ ಉಜ್ತಿದ್ದೆ. ಏನೂ ಆಗಿರಲಿಲ್ಲ. ನಮ್ಮ ಬೀದಿ ಟೈಲರಮ್ಮ ಅದನ್ನ ಹೆಂಗೆ ಉಜ್ತಾಳೋ ಏನೋ."

ಸೊಸೆಯ ಕೈ ತಟ್ಟೆಯಲ್ಲೇ ನಿಂತಿತು.

"ಟೈಲರಮ್ಮನಿಗೂ ಕೊಟ್ಟಿದೀರಾ ಮಾವ?"

ಮಾವ ನೀರು ಕುಡಿದರು.

"ಇನ್ನೂ ಯಾರಿಗೆ?"

"ಕೇಳ್ದೋರಿಗೆಲ್ಲ ಕೊಟ್ಟೆ," ಎಂದರು ಅವರು. "ಕನ್ನಡಿ ಮೇಸ್ತ್ರಿ ಮನೆ ನಲ್ಲಿ ನೋಡಿ, ನಮಗೂ ಒಂಚೂರು ಕೊಡಿ ಅಂತಿದ್ರು. ಹೆಮ್ಮೆ ಅನ್ನಿಸ್ತಿತ್ತು." ಬೆರಳು ಮಡಚಿ ಎಣಿಸಿದರು. ಒಂದು ಕೈಯ ಬೆರಳೆಲ್ಲ ಮುಗಿದು ಇನ್ನೊಂದು ಕೈಗೆ ಬಂದರು. "ಒಂಬತ್ತು ಮನೆ."

ಗಂಡ ತಲೆ ಮೇಲೆ ಕೈ ಇಟ್ಟುಕೊಂಡ. "ಅಪ್ಪ, ಬೀದಿಗೆಲ್ಲ ಹಂಚಿದೀಯಲ್ಲ!"

ವಿಚಾರಣೆ ಮುಗಿಯುವವರೆಗೆ ಮಾವನನ್ನು ಕೆಲಸಕ್ಕೆ ಬರಬೇಡಿ ಎಂದಿದ್ದರು. ಶನಿವಾರ ಮಧ್ಯಾಹ್ನ ಸೊಸೆ ಕಾರ್ಖಾನೆಯಿಂದ ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮು, ಕೈಗವಸು, ಎರಡು ಟ್ಯೂಬ್ ಜೆಲ್ ಕೇಳಿ ತಂದಳು. ಗಂಡ ಡ್ರಮ್ಮನ್ನು ತಳ್ಳುಗಾಡಿಗೆ ಕಟ್ಟಿದ. ಮಾವ ಮುಂದೆ ನಡೆದರು. ಅವರು ಆ ಬೀದಿಯಲ್ಲಿ ತಲೆ ತಗ್ಗಿಸಿ ನಡೆದದ್ದನ್ನು ಅದಕ್ಕೆ ಮೊದಲು ಯಾರೂ ಕಂಡಿರಲಿಲ್ಲ.

ಮೊದಲ ಮನೆಯಲ್ಲಿ ಅವರು, "ಆ ಬಾಟಲಿ ವಾಪಸ್ ಬೇಕಿತ್ತು. ಕಂಪನಿಯವರು ಕೇಳ್ತಿದಾರೆ" ಎಂದರು. ಎರಡನೇ ಮನೆಯಲ್ಲೂ ಅದನ್ನೇ ಹೇಳಿದರು. ಮನೆಯವಳು ಮುಖ ಸಿಂಡರಿಸಿ, "ಕೊಟ್ಟಿದ್ದನ್ನ ಯಾರಾದ್ರೂ ವಾಪಸ್ ಕೇಳ್ತಾರಾ ಮೇಸ್ತ್ರಿ? ಇನ್ನೂ ಅರ್ಧ ಇದೆ" ಎಂದು ಕೊಡಲು ಒಲ್ಲೆ ಎಂದಳು. ಸೊಸೆ ಮುಂದೆ ಬಂದು ವಿಷಯ ಬಿಡಿಸಿ ಹೇಳಿದ ಮೇಲೆ, ಅವಳು ಬಾಟಲಿಯನ್ನು ಬೆಂಕಿ ಮುಟ್ಟಿದವಳಂತೆ ಹೊಸ್ತಿಲ ಹೊರಗಿಟ್ಟು ಬಾಗಿಲು ಹಾಕಿಕೊಂಡಳು.

ಮೂರನೆಯದು ಟೈಲರಮ್ಮನ ಮನೆ. ಅವಳು ಪೇಸ್ಟನ್ನು ಗಾಜಿನ ಸೀಸೆಗೆ ಹಾಕಿಟ್ಟಿದ್ದಳು. ಸೀಸೆಯ ಒಳಗೆಲ್ಲ ಮಂಜು ಕವಿದಂತೆ ಬಿಳುಚಿಕೊಂಡಿತ್ತು.

"ಗಾಜನ್ನೇ ತಿಂದಿದೆ ನೋಡಿ," ಎಂದಳು ಸೊಸೆ.

ಟೈಲರಮ್ಮ ತನ್ನ ಹೆಬ್ಬೆರಳನ್ನು ಮೆಲ್ಲಗೆ ಎತ್ತಿ ತೋರಿಸಿದಳು. ಉಗುರಿನ ಅರ್ಧ ಕಪ್ಪಾಗಿ ಸೊಟ್ಟಗೆ ಬೆಳೆದಿತ್ತು.

"ಎರಡು ತಿಂಗಳಾಯ್ತು. ಮೂರು ದಿನ ನಿದ್ದೆ ಇಲ್ಲ. ಸೂಜಿ ನಂಜಾಗಿದೆ ಅಂದ್ಕೊಂಡೆ. ಹೊಲಿಯೋಕಾಗ್ದೆ ಬಂದ ಬಟ್ಟೆ ವಾಪಸ್ ಕಳಿಸ್ದೆ." ಅವಳು ಮಾವನನ್ನು ನೋಡಿದಳು. "ಇದೇನಾ ಮೇಸ್ತ್ರಿ?"

 ಮಾವ ಬಗ್ಗಿ ಆ ಉಗುರನ್ನು ನೋಡಿದರು.

"ಇದೇ ತಾಯಿ. ನಾನೇ ಕೊಟ್ಟಿದ್ದು."

ಅವಳು ಬಯ್ಯುತ್ತಾಳೆಂದು ಮೂವರೂ ಕಾದರು. ಅವಳು ಸೀಸೆಯನ್ನು ಸೊಸೆಯ ಕಡೆ ಸರಿಸಿ, ಒಳಗೆ ಹೋಗಿ ಹೊಲಿಗೆ ಯಂತ್ರದ ಮುಂದೆ ಕೂತಳು. ಯಂತ್ರದ ಸದ್ದು ಮಾತ್ರ ಶುರುವಾಗಲಿಲ್ಲ.

ಅಲ್ಲಿಂದ ಮುಂದೆ ಮಾವ ಕಂಪನಿಯ ನೆಪ ಹೇಳಲಿಲ್ಲ. ಪ್ರತಿ ಬಾಗಿಲಲ್ಲೂ ನೇರವಾಗಿ, "ನಾನು ನಿಮಗೆ ಕೊಟ್ಟಿದ್ದು ವಿಷ. ನನ್ನ ಹೆಂಡತಿ ಕೈ ಸುಟ್ಟಿದೆ. ನಿಮ್ಮ ಮನೇಲಿ ಯಾರಿಗಾದ್ರೂ ಬೆರಳು ನೋವಾಗಿತ್ತಾ?" ಎಂದು ಕೇಳಿದರು. ಕೆಲವರು ಬೈದರು. ಒಬ್ಬರು, "ಎಷ್ಟು ಚೆನ್ನಾಗಿ ಹೊಳೀತಿತ್ತು, ಒಂಚೂರು ಉಳಿಸಿ ಹೋಗಿ" ಎಂದರು. ಅವರಿಗೆ ಮಾವನೇ ಕಾಲು ಗಂಟೆ ನಿಂತು ಪಾಠ ಹೇಳಿದರು, ಸೊಸೆ ಹೇಳಿದ ಅದೇ ಮಾತುಗಳಲ್ಲಿ. ಏಳನೇ ಮನೆಯಲ್ಲಿ ಪೇಸ್ಟ್ ಇದ್ದದ್ದು ಹಣ್ಣಿನ ರಸದ ಬಾಟಲಿಯಲ್ಲಿ, ಕುಡಿಯುವ ನೀರಿನ ಕೊಡದ ಪಕ್ಕ, ನೆಲದ ಮೇಲೆ. ಆ ಮನೆಯ ಎರಡು ವರ್ಷದ ಹೆಣ್ಣುಮಗು ಅದರ ಹತ್ತಿರವೇ ಚಮಚ ಬಡಿಯುತ್ತ ಕೂತಿತ್ತು.

"ಮೊನ್ನೆ ಬಾಯಿಗೆ ಇಟ್ಕೊಂಡಿತ್ತು, ಮುಚ್ಚಳ ಗಟ್ಟಿಯಾಗಿತ್ತು ಸದ್ಯ," ಎಂದಳು ತಾಯಿ, ಸಹಜವಾಗಿ.

ಮಾವ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟರು. ಮಗ ನೀರು ತಂದುಕೊಟ್ಟ. ಸೊಸೆ ಪಕ್ಕದಲ್ಲಿ ಕೂತಳು.

"ನೀನು ನನ್ನ ಫೇಲ್ ಮಾಡಿದ ದಿನ," ಎಂದರು ಮಾವ, "ಊರವರ ಮುಂದೆ ಮಾನ ಹೋಯ್ತು ಅಂತ ಅತ್ತಿದ್ದೆ. ಯಾರಿಗೂ ಗೊತ್ತಿಲ್ಲ ಅದು."

"ಆ ಬಾಟಲಿ ನಾನೂ ದಿನಾ ನೋಡ್ತಿದ್ದೆ ಮಾವ. ಒಂದು ದಿನಾನೂ ಕೇಳಲಿಲ್ಲ."

ಮಾವ ಅವಳನ್ನು ನೋಡಿದರು.  ಮೊಣಕಾಲಿಗೆ ಕೈಯೂರಿ ಎದ್ದರು. "ನಡಿ. ಇನ್ನೆರಡಿದೆ."

ಎಂಟನೆಯದು ಸಿಕ್ಕಿತು. ಒಂಬತ್ತನೇ ಮನೆಯವರು ನಾಲ್ಕು ತಿಂಗಳ ಹಿಂದೆ ಮನೆ ಬದಲಿಸಿದ್ದರು. ಎಲ್ಲಿಗೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅವರ ಫೋನ್ ನಂಬರ್ ಹುಡುಕುವುದರಲ್ಲಿ ಒಂದು ವಾರ ಹೋಯಿತು. ಆ ವಾರದಲ್ಲೇ ಕಾರ್ಖಾನೆಯ ತೀರ್ಮಾನವೂ ಬಂತು. ತಾವೇ ಒಪ್ಪಿಕೊಂಡು, ಬಾಟಲಿಗಳನ್ನು ತಂದೊಪ್ಪಿಸಿದ್ದರಿಂದ ಮಾವನನ್ನು ಕೆಲಸದಿಂದ ತೆಗೆಯುವುದಿಲ್ಲ. ಆದರೆ ಇನ್ನು ಮುಂದೆ ಪೇಸ್ಟಿನ ಶೆಡ್ಡಿಗೆ ಕಾಲಿಡುವ ಹಾಗಿಲ್ಲ, ಪರೀಕ್ಷೆ ಪಾಸಾದರೂ. ನಿವೃತ್ತಿಯವರೆಗೂ ಪ್ಯಾಕಿಂಗ್. ಸೊಸೆಗೂ ಒಂದು ಎಚ್ಚರಿಕೆ ಪತ್ರ ಬಂತು. ಮಾವ ತಮ್ಮ ಪತ್ರವನ್ನು ಎರಡು ಸಲ ಓದಿ, ಮಡಚಿ, ಜೇಬಿಗೆ ಹಾಕಿಕೊಂಡರು. "ಸರಿಯಾಗೇ ಬರ್ದಿದಾರೆ," ಎಂದಷ್ಟೇ ಹೇಳಿದರು.  ಸಂಜೆ ಅತ್ತೆ ಸೊಸೆಯನ್ನು ಕರೆದು, ನಾದಿನಿಯ ಮೂಲಕವಲ್ಲದೆ ತಾವೇ, ಗಾಯದ ಪಟ್ಟಿ ಬದಲಿಸಲು ಹೇಳಿ ಕೈ ಮುಂದೆ ಚಾಚಿದರು.

ಪಟ್ಟಿ ಸುತ್ತುತ್ತಿರುವಾಗಲೇ ಮಾವನಿಗೆ ಆ ಒಂಬತ್ತನೇ ಮನೆಯವಳ ಫೋನು ಸಿಕ್ಕಿತು. ಎಲ್ಲರಿಗೂ ಕೇಳಿಸಲೆಂದು ಜೋರಾಗಿಟ್ಟರು.

"ಆ ಬಾಟಲೀನಾ ಮೇಸ್ತ್ರಿ?" ಎಂದಿತು ಆ ಕಡೆಯ ದನಿ, ನಗುನಗುತ್ತ. "ಅಯ್ಯೋ, ಅಷ್ಟು ಒಳ್ಳೇದನ್ನ ಎಸೆಯೋದ್ಯಾಕೆ ಅಂತ ಬರೋವಾಗ ಪಕ್ಕದ ಮನೆಯವರಿಗೆ ಕೊಟ್ಟು ಬಂದ್ವಿ. ಅವರೂ ಯಾರಿಗೋ ಅರ್ಧ ಹಂಚಿದ್ರು ಅಂತ ಕಾಣುತ್ತೆ."

 ಮಾವ ಕಣ್ಣು ಮುಚ್ಚಿ ತೆರೆದರು. ಕಾಲು ಆಗಲೇ ಚಪ್ಪಲಿ ಹುಡುಕುತ್ತಿತ್ತು.

"ಯಾವ ಪಕ್ಕದ್ದು ತಾಯಿ?" ಎಂದು ಕೇಳಿದರು. "ಎಡಗಡೇದಾ, ಬಲಗಡೇದಾ?"